ಯಂತ್ರದೊಳಗಣ ಯಂತ್ರ: ಒಂದು ಪದಸೂಚಿಯ ಪಾಡು

ಕೃತಿಯೊಂದು ಉಳಿಯಬೇಕಾದರೆ ಅದನ್ನು ಬರೆದ ಗರಿ ಉಳಿದರೆ ಸಾಲದು. ಆ ಗರಿಯ ಲಿಪಿಯನ್ನು ಓದಬಲ್ಲವರೂ ಉಳಿದಿರಬೇಕು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆಲ್ಲ ತಿಳಿದಿರುವ ಈ ಮಾತು ಗಣಕಯಂತ್ರದ ಕಡತಗಳಿಗೂ ಸಲ್ಲುತ್ತದೆ. ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರಿಗೆ ಇದು ಮನದಟ್ಟಾದುದು ತಮ್ಮ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡನ್ನೂ ಹೊಸ ಪ್ರೊಸೆಸರನ್ನೂ ಹಾಕಿಸಿದ ಮರುದಿನ.

ಅವರು ಹದಿನೈದು ವರ್ಷಗಳಿಂದ ಹಳಗನ್ನಡ ಕಾವ್ಯಗಳ ಪದಸೂಚಿಯೊಂದನ್ನು ಸಿದ್ಧಪಡಿಸುತ್ತಿದ್ದರು. ಕೆಲಸ ಆರಂಭಿಸಿದ ಕಾಲಕ್ಕೆ ಯೂನಿಕೋಡ್ ಬಳಕೆ ಅವರ ಮೇಜಿನವರೆಗೆ ಬಂದಿರಲಿಲ್ಲ. ಆಗಿನ ಪುಟವಿನ್ಯಾಸದ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತಿತ್ತು. 2014ರ ಏಪ್ರಿಲ್ 8ರಂದು ಮೈಕ್ರೊಸಾಫ್ಟ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ ಮೇಲೆ, ಅವರ ಶಿಷ್ಯೆಯೊಬ್ಬಳು ಹೊಸ ವಿಂಡೋಸಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವನ್ನು ಹಾಕಿ, ಅದರೊಳಗೆ ಎಕ್ಸ್‌ಪಿಯನ್ನು ನೆಲೆಗೊಳಿಸಿಕೊಟ್ಟಿದ್ದಳು. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವಿದೆಯೆಂದು ನಂಬಿಸುವ ಈ ವಿದ್ಯೆ ಹೊಸದಲ್ಲ. ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ ಇದನ್ನು ದೊಡ್ಡ ಗಣಕಗಳಲ್ಲಿ ಸಾಧಿಸಿದ್ದರು.

ಹೊಸ ಬೋರ್ಡು ಬಂದ ಮೇಲೆ ಹೊರಗಿನ ವಿಂಡೋಸ್ ಸುಗಮವಾಗಿ ತೆರೆದುಕೊಂಡಿತು. ಒಳಗಿನ ಎಕ್ಸ್‌ಪಿ ಮಾತ್ರ ಏಳಲಿಲ್ಲ. ಈಗ ಸಂಶೋಧನಾ ವಿದ್ಯಾರ್ಥಿನಿಯಾಗಿರುವ ಅದೇ ಶಿಷ್ಯೆ ಬಂದು ನೋಡಿದಳು. ಮೊದಲ ಅಡ್ಡಿ ಸಣ್ಣದಾಗಿತ್ತು. ವರ್ಚುವಲ್ ಯಂತ್ರಕ್ಕೆ ಪ್ರೊಸೆಸರಿನಲ್ಲಿಯೇ ಒಂದು ಸೌಲಭ್ಯವಿರುತ್ತದೆ. ಇಂಟೆಲ್‌ನಲ್ಲಿ ಅದನ್ನು ವಿಟಿ-ಎಕ್ಸ್ ಎಂದೂ ಎಎಂಡಿಯಲ್ಲಿ ಎಎಂಡಿ-ವಿ ಅಥವಾ ಎಸ್‌ವಿಎಂ ಎಂದೂ ಕರೆಯುತ್ತಾರೆ. ಹೊಸ ಬೋರ್ಡುಗಳಲ್ಲಿ ಅದು ಹಲವೊಮ್ಮೆ ಮುಚ್ಚಿಯೇ ಬಂದಿರುತ್ತದೆ. ಅವಳು ಬಯೋಸ್ ಹೊಕ್ಕು ಎಸ್‌ವಿಎಂ ತೆರೆದಳು. ಆಗ ಎರಡನೆಯ ಸಂದೇಶ ಮೂಡಿತು: ಉಳಿಸಿಟ್ಟ ಸ್ಥಿತಿಯನ್ನು ಮರಳಿ ತರಲಾಗದು.

ಆಕೆ ಮೌಸಿನಿಂದ ಕೈ ತೆಗೆದಳು.

“ಸರ್, ಬೋರ್ಡ್ ಬದಲಾಯಿಸೋ ಮೊದಲು ಒಳಗಿನ ಎಕ್ಸ್‌ಪಿಯನ್ನ ಶಟ್‌ಡೌನ್ ಮಾಡಿದ್ರಾ?”

“ಇಲ್ಲಮ್ಮಾ. ಯಾವಾಗಲೂ ಇದ್ದ ಹಾಗೇ ನಿಲ್ಲಿಸಿ ಏಳೋದು. ಮಾರನೇ ದಿನ ಬಿಟ್ಟ ಸಾಲಿನಲ್ಲೇ ಸಿಗುತ್ತಿತ್ತಲ್ಲ.”

“ಕಡತ ಸೇವ್ ಆಗಿತ್ತಾ?”

ಪ್ರಾಧ್ಯಾಪಕರು ಉತ್ತರಿಸಲಿಲ್ಲ. ೞಕಾರದ ಪದಗಳಿಗೆ ಎರಡು ವಾರಗಳಿಂದ ಮಾಡಿದ ತಿದ್ದುಪಡಿಗಳು ತೆರೆದ ಪುಟದಲ್ಲಿಯೇ ಉಳಿದಿದ್ದವು. ತಿದ್ದಿ ಮುಗಿಸಿದ ಚೀಟಿಗಳನ್ನು ಅವರು ದಿನದಿನವೂ ಹರಿದುಹಾಕಿದ್ದರು.

ಇಲ್ಲಿ ಒಂದು ಭೇದವನ್ನು ಅರಿಯಬೇಕು. ವರ್ಚುವಲ್ ಯಂತ್ರದ ಡಿಸ್ಕ್ ಬೇರೆ, ಉಳಿಸಿಟ್ಟ ಸ್ಥಿತಿ ಬೇರೆ. ಡಿಸ್ಕ್ ಎಂಬುದು ಒಂದು ದೊಡ್ಡ ಕಡತ. ಸೇವ್ ಮಾಡಿದ್ದೆಲ್ಲ ಅದರಲ್ಲಿರುತ್ತದೆ, ಅದನ್ನು ಬೇರೆ ಕಂಪ್ಯೂಟರಿಗೂ ಒಯ್ಯಬಹುದು. ಉಳಿಸಿಟ್ಟ ಸ್ಥಿತಿಯೆಂದರೆ ಓಡುತ್ತಿದ್ದ ಯಂತ್ರದ ಸ್ಮೃತಿಯನ್ನೂ ಪ್ರೊಸೆಸರಿನ ಆ ಕ್ಷಣದ ಅವಸ್ಥೆಯನ್ನೂ ಹಿಡಿದಿಟ್ಟ ಕಡತ. ಇಂಟೆಲ್ ಪ್ರೊಸೆಸರಿನ ಮೇಲೆ ನಿಂತ ಆ ಕ್ಷಣವನ್ನು ಎಎಂಡಿಯ ಮೇಲೆ ಮುಂದುವರಿಸಲಾಗದು. ಅದನ್ನು ತ್ಯಜಿಸುವ ಆಯ್ಕೆಯೊಂದು ಪರದೆಯ ಮೇಲೆಯೇ ಇರುತ್ತದೆ. ಅದನ್ನೊತ್ತಿದರೆ, ಓಡುತ್ತಿರುವ ಕಂಪ್ಯೂಟರಿನ ವಿದ್ಯುತ್ತನ್ನು ಕಿತ್ತಂತೆ. ಡಿಸ್ಕ್ ಉಳಿಯುತ್ತದೆ, ಸೇವ್ ಆಗದುದು ಅಳಿಯುತ್ತದೆ. ಹೆಚ್ಚಿನವರಿಗೆ ಅದು ನಷ್ಟವೇ ಅಲ್ಲ. ಇಲ್ಲಿ ಅದು ಎರಡು ವಾರಗಳ ಪಾಠಶೋಧನೆ.

ಶಿಷ್ಯೆ ಸಂಪಾದಕರ ಮೊದಲ ನಿಯಮವನ್ನು ಪಾಲಿಸಿದಳು: ಮೂಲಪ್ರತಿಯನ್ನು ಮುಟ್ಟದಿರುವುದು. ವರ್ಚುವಲ್ ಯಂತ್ರದ ಇಡೀ ಫೋಲ್ಡರನ್ನು, ಡಿಸ್ಕ್, ಸ್ಥಿತಿ, ವಿನ್ಯಾಸದ ಕಡತ ಸಹಿತವಾಗಿ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಂಡಳು. ಅನಂತರ ಕೇಳಿದ ಪ್ರಶ್ನೆ ಒಂದೇ: “ಹಳೇ ಬೋರ್ಡ್ ಎಲ್ಲಿದೆ ಸರ್?” ಅದು ಎಕ್ಸ್‌ಚೇಂಜಿಗೆಂದು ಅಂಗಡಿಯಲ್ಲಿತ್ತು. ಇಬ್ಬರೂ ಆಟೋ ಹಿಡಿದು ಹೋದರು. ಬೋರ್ಡು ಇನ್ನೂ ಮಾರಾಟವಾಗಿರಲಿಲ್ಲ. ಅಂಗಡಿಯ ಮೇಜಿನ ಮೇಲೆಯೇ ಹಳೆಯ ಬೋರ್ಡು, ಪ್ರೊಸೆಸರ್, ರ್‍ಯಾಮ್‌ಗಳನ್ನು ಕೂಡಿಸಿ, ಅದೇ ಹಾರ್ಡ್‌ಡಿಸ್ಕನ್ನು ಜೋಡಿಸಿದರು. ವರ್ಚುವಲ್‌ಬಾಕ್ಸಿನ ಆವೃತ್ತಿಯನ್ನು ಬದಲಿಸದೆ ತೆರೆದರು. ಒಳಗಿನ ಎಕ್ಸ್‌ಪಿ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, ಬಿಟ್ಟ ಸಾಲಿನಲ್ಲಿಯೇ ಎದ್ದು ನಿಂತಿತು. ಪ್ರಾಧ್ಯಾಪಕರು ತಾವೇ ಸೇವ್ ಮಾಡಿ, ಎಕ್ಸ್‌ಪಿಯನ್ನು ಕ್ರಮವಾಗಿ ಶಟ್‌ಡೌನ್ ಮಾಡಿದರು.

ಹೊಸ ಬೋರ್ಡಿಗೆ ಮರಳಿದಾಗ ಮೂರನೆಯ ಅಡ್ಡಿ ಎದುರಾಯಿತು: ಎಕ್ಸ್‌ಪಿ ಅರ್ಧ ತೆರೆದು ನೀಲಿ ಪರದೆಗೆ ಬಿದ್ದಿತು. ವರ್ಚುವಲ್ ಯಂತ್ರ ಡಿಸ್ಕನ್ನು, ಪರದೆಯನ್ನು, ನೆಟ್‌ವರ್ಕ್ ಕಾರ್ಡನ್ನು ಅನುಕರಿಸಿ ತೋರಿಸುತ್ತದೆ. ಆದರೆ ಪ್ರೊಸೆಸರ್ ಬಹುಮಟ್ಟಿಗೆ ಹೊರಗಿನದೇ. ಇಂಟೆಲ್ ಮೇಲೆ ಸ್ಥಾಪಿತವಾದ ಎಕ್ಸ್‌ಪಿ ‘ಇಂಟೆಲ್‌ಪಿಪಿಎಂ’ ಎಂಬ ಡ್ರೈವರನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ; ಎಎಂಡಿಯ ಮೇಲೆ ಅದೇ ಮುಳುವಾಗುತ್ತದೆ. ಸೇಫ್ ಮೋಡಿನಲ್ಲಿ ತೆರೆದು, ರಿಜಿಸ್ಟ್ರಿಯಲ್ಲಿ ಆ ಡ್ರೈವರಿನ ‘ಸ್ಟಾರ್ಟ್’ ಎಂಬಲ್ಲಿ 4 ಎಂದು ಬರೆದಾಗ ಅದು ನಿಷ್ಕ್ರಿಯವಾಯಿತು. ಎಕ್ಸ್‌ಪಿ ನೆಟ್ಟಗೆ ತೆರೆಯಿತು.

ಆದರೆ ನಿಜವಾದ ಪರಿಹಾರ ಇದಲ್ಲವೆಂಬುದು ಇಬ್ಬರಿಗೂ ತಿಳಿದಿತ್ತು. ಪದಸೂಚಿ ಒಂದು ತಂತ್ರಾಂಶಕ್ಕೆ, ಆ ತಂತ್ರಾಂಶ ಎಕ್ಸ್‌ಪಿಗೆ, ಎಕ್ಸ್‌ಪಿ ಒಂದು ಪ್ರೊಸೆಸರಿಗೆ ಜೋತುಬಿದ್ದಿರುವವರೆಗೆ ಪ್ರತಿ ಬದಲಾವಣೆಯೂ ಗಂಡಾಂತರವೇ. ಆದುದರಿಂದ ಅವರು ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸತೊಡಗಿದರು. ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಅಕ್ಷರ, ಚಿಹ್ನೆಗಳ ಸ್ಥಾನಗಳಲ್ಲಿ ತುಂಡುತುಂಡಾಗಿ ಕುಳಿತಿರುತ್ತವೆ. ಪರಿವರ್ತಕಗಳು ಸಾಮಾನ್ಯ ಪದಗಳನ್ನು ಸರಿಯಾಗಿಯೇ ದಾಟಿಸಿದವು. ಅರ್ಕಾವೊತ್ತು, ಱ, ೞಗಳ ಬಳಿ ಎಡವಿದವು. ಯೂನಿಕೋಡಿನಲ್ಲಿ ಕನ್ನಡದ ೞಕಾರಕ್ಕೆ ಸ್ಥಾನವುಂಟು, ಆದರೆ ಅದರ ಅಧಿಕೃತ ಹೆಸರು ತಪ್ಪಾಗಿ ‘ಫ’ ಎಂದು ದಾಖಲಾಗಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮವಿರುವುದರಿಂದ ಪರ್ಯಾಯ ನಾಮವೊಂದನ್ನು ಸೇರಿಸಿದ್ದಾರೆ. ಲಿಪಿಕಾರರ ಸ್ಖಾಲಿತ್ಯ ತಾಳೆಗರಿಗಷ್ಟೇ ಸೀಮಿತವಲ್ಲವೆಂದು ಪ್ರಾಧ್ಯಾಪಕರು ನಕ್ಕರು.

ಕಂಪ್ಯೂಟರನ್ನು ನವೀಕರಿಸುವ ಸಂಶೋಧಕರು ಈ ಪ್ರಸಂಗದಿಂದ ತಿಳಿಯಬೇಕಾದುದು ಇಷ್ಟು: ಬಿಡಿಭಾಗ ಬದಲಿಸುವ ಮುನ್ನ ಒಳಗಿನ ಯಂತ್ರವನ್ನು ಪೂರ್ಣವಾಗಿ ಮುಚ್ಚಬೇಕು, ಇಡೀ ಫೋಲ್ಡರನ್ನು ನಕಲು ಮಾಡಬೇಕು, ಹೊಸದು ನಡೆಯುತ್ತದೆಂದು ಖಚಿತವಾಗುವವರೆಗೆ ಹಳೆಯದನ್ನು ಕೊಡಬಾರದು. ಪರದೆಯ ಮೇಲೆ ‘ತ್ಯಜಿಸು’ ಎಂದು ಕಂಡಾಗ ಏನನ್ನು ತ್ಯಜಿಸುತ್ತಿದ್ದೇವೆಂದು ಕೇಳಿಕೊಳ್ಳಬೇಕು.

ಪದಸೂಚಿಯ ೞಕಾರದ ಭಾಗವನ್ನು ಈಗ ಮೊದಲಿನಿಂದ ಕೊನೆಯವರೆಗೆ ಕಣ್ಣಿನಿಂದಲೇ ಪರಿಶೀಲಿಸಲಾಗುತ್ತಿದೆ. ಪ್ರಾಧ್ಯಾಪಕರು ಹಳೆಯ ಮುದ್ರಿತ ಪುಟವನ್ನು ಓದುತ್ತಾರೆ, ಶಿಷ್ಯೆ ಪರದೆಯನ್ನು ನೋಡುತ್ತಾಳೆ. ಸಂಜೆ ಏಳುವ ಮುನ್ನ ಪ್ರಾಧ್ಯಾಪಕರು ಎರಡೂ ಯಂತ್ರಗಳನ್ನು, ಮೊದಲು ಒಳಗಿನದನ್ನು, ಆಮೇಲೆ ಹೊರಗಿನದನ್ನು, ಮುಚ್ಚುತ್ತಾರೆ.