ಹಿಂದಿನ ಚಕ್ರದ ಗಾಳಿ

ಮನುಷ್ಯರಲ್ಲಿ ಎರಡು ಜಾತಿ: ಗಾಡಿ ಓಡಿಸಬಲ್ಲವರು, ಗಾಡಿಯ ಹಿಂದೆ ಕೂರಬಲ್ಲವರು. ನಾನು ಎರಡನೆಯ ಜಾತಿಗೆ ಸೇರಿದವನು.

ಮೈಸೂರಿನಲ್ಲಿ ಹುಟ್ಟಿ ಮೈಸೂರಿನಲ್ಲೇ ಬೆಳೆದವನಿಗೆ ಈ ಮಾತನ್ನು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಮೊದಲು ಜಾವಾ, ಆಮೇಲೆ ಯೆಜ್ಡಿ ಎಂದು 1996ರವರೆಗೂ ಬೈಕುಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟ ಊರು ನಮ್ಮದು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ, ಆ ಬೈಕಿನ ಸದ್ದು ಕಿವಿಗೆ ಬಿದ್ದರೆ ಕಾಫಿ ಲೋಟ ಕೆಳಗಿಟ್ಟು ಬೀದಿಗೆ ಬರುವ ಹಿರಿಯರು ನಮ್ಮ ಬಡಾವಣೆಯಲ್ಲಿ ಈಗಲೂ ಇದ್ದಾರೆ. ಅವರ ನಡುವೆ ನಾನೊಬ್ಬ, ಕೊಡೆ ಹಿಡಿದು ಕಾಲೇಜಿಗೆ ನಡೆದು ಹೋಗುವ ಕನ್ನಡ ಮೇಷ್ಟ್ರು.

ಅದಕ್ಕೊಂದು ಕಾರಣ ಉಂಟು. ಇಪ್ಪತ್ತನೆಯ ವಯಸ್ಸಿನಲ್ಲಿ ನಮ್ಮ ಚಿಕ್ಕಪ್ಪನ ಸ್ಕೂಟರನ್ನು ಕೇಳಿ ಪಡೆದು, ತಂಗಿಯನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ತಿರುವಿನಲ್ಲಿ ಮರಳು ಬಿದ್ದಿತ್ತು. ನನಗೇನೂ ಆಗಲಿಲ್ಲ. ತಂಗಿಯ ಬಲಗೈ ಮೊಣಕೈಯ ಹತ್ತಿರ ಮುರಿಯಿತು. ಆ ಕೈ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅವಳು ಒಂದು ದಿನವೂ ಆ ಮಾತೆತ್ತಿದವಳಲ್ಲ. ಗೌರಿ ಹಬ್ಬಕ್ಕೆ ಬಂದಾಗ ಆ ಕೈಯಿಂದಲೇ ನನಗೆ ಒಬ್ಬಟ್ಟು ಬಡಿಸುತ್ತಾಳೆ. ಅಂದಿನಿಂದ ನಾನು ಯಾವ ಗಾಡಿಯ ಹ್ಯಾಂಡಲನ್ನೂ ಮುಟ್ಟಿಲ್ಲ.

ಹೀಗಿರುವಲ್ಲಿ, ನಮ್ಮ ಮನೆಗೆ ಸ್ಕೂಟರು ಬಂತು. ತಂದವನು ನಾನಲ್ಲ, ನನ್ನಾಕೆ. ಆಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಕಳೆದ ವರ್ಷ ಹೆಗ್ಗಡದೇವನಕೋಟೆ ರಸ್ತೆಯ ಕಡೆ ಒಂದು ಹಳ್ಳಿಗೆ ವರ್ಗವಾಯಿತು. ಬಸ್ಸು ದೊಡ್ಡ ರಸ್ತೆಯ ಕೈಮರದವರೆಗೆ. ಅಲ್ಲಿಂದ ಶಾಲೆಗೆ ಎರಡೂವರೆ ಕಿಲೋಮೀಟರ್ ನಡಿಗೆ. ಸಂಜೆ ಮನೆಗೆ ಬಂದಾಗ ಆಕೆಯ ಚಪ್ಪಲಿಯ ಮೇಲಿನ ಕೆಂಪು ಧೂಳನ್ನು ನಾನು ನೋಡಿದ್ದೆ. ಅದರ ಅರ್ಥವನ್ನು ಮಾತ್ರ ಓದಿರಲಿಲ್ಲ.

ಸ್ಕೂಟರಿನ ಮಾತು ಬಂದಾಗ ನಾನು ಸಾಕಷ್ಟು ವಾದ ಮಾಡಿದೆ. "2023ರ ಜೂನಿನಿಂದ ಶಕ್ತಿ ಯೋಜನೆ ಬಂದಿದೆ, ಸರ್ಕಾರಿ ಬಸ್ಸಿಗೆ ನಿನಗೆ ಕಾಸಿಲ್ಲ. ಬಿಟ್ಟಿ ಬಸ್ಸಿರುವಾಗ ಸ್ಕೂಟರೇತಕ್ಕೆ?" ಎಂದೆ.

"ಬಸ್ಸು ಬಿಟ್ಟಿ ಕಣ್ರೀ, ನನ್ನ ಹೊತ್ತು ಬಿಟ್ಟಿಯಲ್ಲ" ಎಂದಳು.

ವಾದ ಅಲ್ಲಿಗೆ ಮುಗಿಯಿತು. ಆಮೇಲೆ ತಿಳಿದದ್ದು: ಆಕೆ ಆಗಲೇ ಸಹೋದ್ಯೋಗಿಯೊಬ್ಬರ ಸ್ಕೂಟರಿನಲ್ಲಿ ಶಾಲೆಯ ಬಯಲಲ್ಲಿ ಎರಡು ತಿಂಗಳು ಕಲಿತಾಗಿದೆ, ಸಾರಿಗೆ ಕಚೇರಿಯ ಅಂಗಳದಲ್ಲಿ ಕಾಲು ನೆಲಕ್ಕೆ ಊರದೆ ಎಂಟರ ಆಕಾರ ಸುತ್ತಿ, ಮೊದಲನೆಯ ಸಲಕ್ಕೇ ಲೈಸೆನ್ಸೂ ಪಡೆದಾಗಿದೆ. ನನಗೆ ತಿಳಿಸಿರಲಿಲ್ಲ. ತಿಳಿಸಿದ್ದರೆ ನಾನು ಏನು ಮಾಡುತ್ತಿದ್ದೆನೆಂಬುದು ಆಕೆಗೆ ಗೊತ್ತು.

ನಮ್ಮ ತಾಯಿಯಾದರೂ ನನ್ನ ಪಕ್ಷ ವಹಿಸಿಯಾರೆಂದು ನೋಡಿದೆ. ಅವರು ಬತ್ತಿ ಹೊಸೆಯುತ್ತ, "ದಶರಥನ ರಥ ನಡೆಸಿದವಳು ಕೈಕೇಯಿ ಅಲ್ಲವೇನೋ?" ಎಂದರು. ಆಮೇಲೆ ಕೈಕೇಯಿ ಕೇಳಿದ ವರಗಳು ನೆನಪಾಗಿ ನಾನು ಸುಮ್ಮನಾದೆ.

ಬುಧವಾರ ಸಂಜೆ ಷೋರೂಮಿನ ಹುಡುಗ ಸ್ಕೂಟರನ್ನು ಮನೆಯ ಮುಂದೆ ತಂದು ನಿಲ್ಲಿಸಿ ಹೋದ. ಭಾನುವಾರ ಪೂಜೆ, ಪೂಜೆಯಾದ ಮೇಲೆಯೇ ಸವಾರಿ. ನಡುವೆ ಉಳಿದದ್ದು ಮೂರು ದಿನ. ಗಾಡಿಯನ್ನು ಸಿದ್ಧಪಡಿಸುವ ಭಾರವನ್ನು ನಾನೇ ಹೊತ್ತೆ. ಓಡಿಸಲಾರದವನು ಅಷ್ಟಾದರೂ ಮಾಡಬೇಡವೆ?

ಗೊತ್ತಿಲ್ಲದ ವಿಷಯ ಎದುರಾದರೆ ನನ್ನಂಥವನು ಮಾಡುವುದು ಒಂದೇ: ಓದುವುದು. ಗಾಡಿಯ ಜೊತೆ ಬಂದ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ, ಹಳೆಗನ್ನಡ ಕಾವ್ಯಕ್ಕೆ ಟಿಪ್ಪಣಿ ಬರೆಯುವವನಂತೆ, ಪೆನ್ಸಿಲ್ ಹಿಡಿದು ಓದಿದೆ. ಮೊದಲ ಕೆಲವು ನೂರು ಕಿಲೋಮೀಟರ್ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಬಾರದು. ಹೊಸ ಟೈರು ನುಣುಪಾಗಿರುತ್ತದೆ. ಸ್ವಲ್ಪ ಸವೆಯುವವರೆಗೆ ತಿರುವಿನಲ್ಲಿ ಹೆಚ್ಚು ವಾಲಿಸಬಾರದು. ಬ್ರೇಕೂ ಹಾಗೆಯೇ, ಹೊಂದಿಕೊಳ್ಳುವುದಕ್ಕೆ ಕೆಲವು ದಿನ ಬೇಕು. ಹೊಸ ಗಾಡಿಯೆಂದರೆ ಹೊಸ ಸೊಸೆಯಂತೆ ಎಂದು ಬರೆಯಹೊರಟವನು, ಯಾರಾದರೂ ಓದಿಯಾರೆಂದು ಅಳಿಸಿ ಹಾಕಿದೆ.

ಕೈಪಿಡಿ ಮುಗಿದ ಮೇಲೆ ಚರಿತ್ರೆಗೆ ಹೋದೆ. 1946ರಲ್ಲಿ ಇಟಲಿಯಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾದಿನೊ ದಸ್ಕಾನಿಯೊ ಎಂಬಾತ ವಿಮಾನಗಳ ಎಂಜಿನಿಯರು. ಆತನಿಗೆ ಮೋಟಾರ್ ಸೈಕಲ್ ಎಂದರೆ ಆಗದು. ಹತ್ತಬೇಕಾದರೆ ಕಾಲೆತ್ತಿ ದಾಟಿಸಬೇಕು. ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ. ಆದ್ದರಿಂದ ಆತ ಎಂಜಿನ್ನನ್ನು ಮುಚ್ಚಿ ಹಿಂದಕ್ಕೆ ತಳ್ಳಿ, ಮುಂದೆ ಕಾಲಿಡುವುದಕ್ಕೆ ಒಂದು ಜಗಲಿಯನ್ನೇ ಕಟ್ಟಿಬಿಟ್ಟ. ಬೈಕುಗಳನ್ನು ಕಂಡರಾಗದವನೇ ಸ್ಕೂಟರನ್ನು ಮಾಡಿದನೆಂದು ಓದಿ ನನಗೆ ಪರಮ ಸಂತೋಷವಾಯಿತು. ನಮ್ಮ ದೇಶದಲ್ಲಿ ಬಜಾಜ್‌ನವರು 1960ರಲ್ಲಿ ಅದನ್ನು ಮಾಡಲು ಪರವಾನಗಿ ಪಡೆದರು. ಆಮೇಲೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ ಬಂತು. ನಮ್ಮ ಚಿಕ್ಕಪ್ಪ ಹಾಗೆ ಕಾದವರೇ. ಅವರು ಪೆಟ್ರೋಲಿಗೆ ಆಯಿಲ್ ಬೆರೆಸಿ, ಪ್ಲಗ್ಗನ್ನು ಉಪ್ಪು ಕಾಗದದಿಂದ ಉಜ್ಜಿ, ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ದೇವರ ಹೆಸರು ಹೇಳಿ ಒದೆಯುತ್ತಿದ್ದರು. ಈಗಿನದು ಗುಂಡಿ ಒತ್ತಿದರೆ ಹೊರಡುತ್ತದೆ. ಎಡಗೈ ಬ್ರೇಕು ಹಿಡಿದರೆ ಎರಡು ಚಕ್ರವೂ ನಿಲ್ಲುತ್ತದೆ; 125 ಸಿಸಿಯವರೆಗಿನ ಹೊಸ ಗಾಡಿಗಳಿಗೆಲ್ಲ 2019ರಿಂದ ಇದು ಕಡ್ಡಾಯವಂತೆ. ಮುಂದಿನ ದೀಪ ಹಗಲಲ್ಲೂ ಉರಿಯುತ್ತದೆ. ಅದೂ 2017ರಿಂದ ಬಂದ ನಿಯಮವೇ, ಆದರೂ ಎದುರು ಬರುವ ಪುಣ್ಯಾತ್ಮರು "ದೀಪ ಉರೀತಿದೆ" ಎಂದು ಕೈ ಮುಚ್ಚಿ ತೆರೆದು ತೋರಿಸುವುದನ್ನು ಇನ್ನೂ ಬಿಟ್ಟಿಲ್ಲ.

ಇನ್ನೊಂದು ವಿಷಯ ಓದಿ ನಕ್ಕೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರವನ್ನಾದರೂ ಮುಚ್ಚಿರಬೇಕೆಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಅಂಗಡಿಯವರ ಮಾತಿನಲ್ಲಿ ಅದು "ಸಾರಿ ಗಾರ್ಡು". ಸೀರೆಯೆಂದರೆ ಹಿಂದಿನ ಸೀಟು ಎಂಬುದು ಎಲ್ಲರ ಲೆಕ್ಕ. ನಮ್ಮ ಮನೆಯಲ್ಲಿ ಅದು ಪಂಚೆ ಗಾರ್ಡು ಆಗಬೇಕಾಗಿತ್ತು.

ಹೀಗೆ ಜ್ಞಾನಸಂಪಾದನೆ ಮಾಡಿ, ಸೀಟಿನ ಕೆಳಗಿನ ಡಿಕ್ಕಿಯನ್ನು ತುಂಬತೊಡಗಿದೆ. ಕಾಗದ ಪತ್ರಗಳ ಜೆರಾಕ್ಸು, ಮಳೆಯ ಅಂಗಿ, ಒರೆಸುವ ಬಟ್ಟೆ, ಟಾರ್ಚು, ಗಾಯಕ್ಕೆ ಹಚ್ಚುವ ಮುಲಾಮು, ಹತ್ತಿ, ಪಟ್ಟಿ. ಆಕೆ ಬಂದು ನೋಡಿ, "ನನ್ನ ಊಟದ ಡಬ್ಬಿ ಎಲ್ಲಿಡಲಿ?" ಎಂದು ಕೇಳಿ, ಮುಲಾಮು ಒಂದನ್ನು ಉಳಿಸಿ ಮಿಕ್ಕದ್ದರಲ್ಲಿ ಅರ್ಧ ಹೊರಗಿಟ್ಟಳು. ಹೆಲ್ಮೆಟ್ಟುಗಳು ಎರಡು ಬಂದಿದ್ದವು; ಹಿಂದೆ ಕೂತವರೂ ಹಾಕಬೇಕಷ್ಟೆ. ನನ್ನದನ್ನು ಕನ್ನಡಿಯ ಮುಂದೆ ಹಾಕಿ ನೋಡಿಕೊಂಡೆ. ಧೈರ್ಯಶಾಲಿಯಂತೆಯೇ ಕಂಡೆ.

ಭಾನುವಾರ ಬೆಳಿಗ್ಗೆ ಗಾಡಿಯನ್ನು ತಳ್ಳಿಕೊಂಡೇ ನಮ್ಮ ಬೀದಿಯ ಗಣಪತಿ ಗುಡಿಗೆ ಒಯ್ದೆವು. ಅರ್ಚಕರು ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಮಂಗಳಾರತಿ ಎತ್ತಿ, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣಿಟ್ಟು, ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಮುಂದಕ್ಕೆ ತೆಗೀರಿ ಮೇಷ್ಟ್ರೇ" ಎಂದರು. ನಾನು ಕೀಲಿಯನ್ನು ಆಕೆಯ ಕೈಗಿತ್ತೆ. ಅರ್ಚಕರು ಒಂದು ಕ್ಷಣ ನನ್ನನ್ನು ನೋಡಿ, ಆಮೇಲೆ ಆಕೆಗೇ ಇನ್ನೊಂದು ಹೂವು ಕೊಟ್ಟರು. ನಿಂಬೆಹಣ್ಣುಗಳು ಪಟ್ಟೆಂದು ಒಡೆದವು.

ಪೆಟ್ರೋಲ್ ಬಂಕು ಗುಡಿಯಿಂದ ನಾಲ್ಕು ಹೆಜ್ಜೆ. ಆಕೆ ನಿಧಾನವಾಗಿ ಓಡಿಸಿದಳು. ನಾನು ಹೆಲ್ಮೆಟ್ಟು ಹಾಕಿಕೊಂಡು ಹಿಂದೆ ನಡೆದೆ. ಪೆಟ್ರೋಲು ಹಾಕಿಸಿ ಗಾಳಿಯ ಹತ್ತಿರ ಹೋದೆವು. ಇದು ನನ್ನ ಪಾಂಡಿತ್ಯದ ಘಟ್ಟ. ಕೈಪಿಡಿಯ ಲೆಕ್ಕ ಬಾಯಿಗೆ ಬಂದಿತ್ತು: ಮುಂದಕ್ಕೆ 22, ಹಿಂದಕ್ಕೆ, ಒಬ್ಬರಾದರೆ 29, ಇಬ್ಬರಾದರೆ 36.

"ಸಿಂಗಲ್ಲಾ, ಡಬಲ್ಲಾ?" ಎಂದ ಹುಡುಗ.

"ಡಬಲ್" ಎಂದೆ ನಾನು.

"ಸಿಂಗಲ್" ಎಂದಳು ಆಕೆ.

ಹುಡುಗ ಪೈಪು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದ. ಮೂರು ದಿನ ಇಷ್ಟೆಲ್ಲ ಸಿದ್ಧಪಡಿಸಿದವನು, ಆಕೆಯ ಹಿಂದೆ ಕೂತು, ಅಲ್ಲಿ ಮರಳು, ಇಲ್ಲಿ ಗುಂಡಿ ಎಂದು ಹೇಳುತ್ತ ಹೋಗುವುದನ್ನೂ ಸಿದ್ಧಪಡಿಸಿಕೊಂಡಿದ್ದೆ. ಆಕೆಯನ್ನು ಕೇಳಿರಲಿಲ್ಲ.

"ಶಾಲೆಯ ತನಕ ಒಮ್ಮೆ ಹೋಗಿ ಬರುತ್ತೇನೆ. ನಾಳೆಯಿಂದ ಒಬ್ಬಳೇ ತಾನೆ ಹೋಗಬೇಕು? ನೀವು ಹಿಂದಿದ್ದರೆ ನನಗೆ ನಿಮ್ಮ ಭಯವನ್ನೂ ಓಡಿಸಬೇಕಾಗುತ್ತದೆ" ಎಂದಳು. ಗದರಿಸಿ ಹೇಳಿದ್ದಲ್ಲ, ಮಕ್ಕಳಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. ತಿರುವಿನಲ್ಲಿ ಬಿದ್ದ ಮರಳಿನ ಕಥೆ ಆಕೆಗೆ ಗೊತ್ತು.

ಆಕೆ ಹೋದಳು. ಹಾರದ ಸೇವಂತಿಗೆಯ ನಾಲ್ಕು ಎಸಳು ರಸ್ತೆಯ ಮೇಲೆ ಬಿದ್ದವು. ನಾನು ಹೆಲ್ಮೆಟ್ಟನ್ನು ತಲೆಯ ಮೇಲಿಂದ ತೆಗೆಯುವುದನ್ನೂ ಮರೆತು ಮನೆಗೆ ನಡೆದೆ. ಎದುರುಮನೆಯ ಹಿರಿಯರು, ಯೆಜ್ಡಿ ಕಾಲದವರು, "ಏನ್ ಮೇಷ್ಟ್ರೇ, ಗಾಡಿಯೆಲ್ಲಿ?" ಎಂದರು. "ಮುಂದೆ ಹೋಯಿತು" ಎಂದೆ.

ಒಂದು ಗಂಟೆ ನಲವತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಉತ್ತರಪತ್ರಿಕೆ ಒಂದನ್ನೂ ತಿದ್ದಲಿಲ್ಲ. ತಾಯಿ ಎರಡು ಸಲ ಕಾಫಿ ಕೊಟ್ಟರು, ಏನೂ ಮಾತಾಡಲಿಲ್ಲ. ಆಮೇಲೆ ಗೇಟಿನ ಸದ್ದಾಯಿತು. ಆಕೆಯ ಮುಖ ಬಿಸಿಲಿಗೆ ಕೆಂಪಾಗಿತ್ತು. ಕಾಲಲ್ಲಿ ಧೂಳಿರಲಿಲ್ಲ. ಕೈಮರದಿಂದ ಶಾಲೆಗೆ ಎಂಟೇ ನಿಮಿಷವಂತೆ; ಕೆರೆಯ ಏರಿಯ ಮೇಲೆ ನಿಲ್ಲಿಸಿ, ಸುಮ್ಮನೆ, ಐದು ನಿಮಿಷ ನೀರು ನೋಡಿ ಬಂದಳಂತೆ. ಆ ದಾರಿಯಲ್ಲಿ ಕೆರೆಯಿದೆಯೆಂಬುದೇ ನನಗೆ ಗೊತ್ತಿರಲಿಲ್ಲ.

ಸಂಜೆ, "ತಂಗಿಯ ಮನೆಗೆ ಹೋಗಿ ಬರೋಣವೇ?" ಎಂದು ಆಕೆಯೇ ಕೇಳಿದಳು. ಹೆಲ್ಮೆಟ್ಟು ಹಾಕಿಕೊಂಡು ಹಿಂದೆ ಕೂತೆ. ಬಂಕಿನಲ್ಲಿ ಅದೇ ಹುಡುಗನಿದ್ದ. ನಮ್ಮನ್ನು ನೋಡಿ ನಗುತ್ತಲೇ ಕೇಳಿದ:

"ಸಿಂಗಲ್ಲಾ, ಡಬಲ್ಲಾ?"

ನಾನು ಬಾಯಿ ತೆರೆಯಲಿಲ್ಲ.

"ಡಬಲ್" ಎಂದಳು ಆಕೆ.