ಕದಿರೆಯ ಲೋಕೇಶ್ವರನೂ ಮಂಗಳೂರಿನ ಭಿತ್ತಿಚಿತ್ರಗಳೂ

ಮಂಗಳೂರಿಗೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಕಡಲನ್ನು ಕಂಡು, ಕದಿರೆಯಲ್ಲಿ ಕೈಮುಗಿದು, ಅಂದಿನ ಸಂಜೆಯೇ ಹೊರಟುಬಿಡುವರು. ಆ ನಗರದ ಕಲಾಸಂಪತ್ತು ಇಷ್ಟು ಅವಸರಕ್ಕೆ ಒಲಿಯತಕ್ಕುದಲ್ಲ.

ಕದಿರೆಯ ಮಂಜುನಾಥನ ಆಲಯದಲ್ಲಿ ಮೂರು ಮುಖ, ಆರು ಕೈಗಳುಳ್ಳ ಲೋಕೇಶ್ವರನ ಕಂಚಿನ ವಿಗ್ರಹವೊಂದುಂಟು. ಆಸೀನಮೂರ್ತಿ, ಎರಕದ ಕೆಲಸವು ಅತ್ಯಂತ ನಯವಾದುದು. ಆಳುಪ ವಂಶದ ಕುಂದವರ್ಮನು ಕದರಿಕಾ ವಿಹಾರದಲ್ಲಿ ಇದನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಮೇಲಿನ ಸಂಸ್ಕೃತ ಶಾಸನವು ಹೇಳುತ್ತದೆ. ಕಲಿವರ್ಷ ೪೦೬೮, ಎಂದರೆ ಕ್ರಿ. ಶ. ೯೬೮.

ಇಲ್ಲಿಯೇ ವಿವಾದವು ಹುಟ್ಟಿರುವುದು. ಮೂರ್ತಿಯು ಬೌದ್ಧರ ಅವಲೋಕಿತೇಶ್ವರನೆಂದೂ ಶೈವರು ಅದನ್ನು ಆಮೇಲೆ ತಮ್ಮದಾಗಿಸಿಕೊಂಡರೆಂದೂ ಒಂದು ಪಕ್ಷ. ಆದಿಯಿಂದಲೂ ಅದು ಶಿವನೇ ಎಂದು ಇನ್ನೊಂದು ಪಕ್ಷ. ವಿಹಾರವೆಂಬ ಶಬ್ದಕ್ಕೆ ಭಿಕ್ಷುಗಳ ನೆಲೆಯೆಂಬುದು ಪ್ರಸಿದ್ಧಾರ್ಥ. ಧಾತುವನ್ನು ಹಿಂಜಿ, ಬರಿಯ ಸಂಚಾರಸ್ಥಾನವೆಂದು ಸಾಧಿಸಹೊರಡುವುದು ವ್ಯಾಕರಣದ ಬಲದಿಂದ ಇತಿಹಾಸವನ್ನು ಹೊರದಬ್ಬಿದಂತೆಯೇ ಸರಿ. ಹಾಗೆಂದು ಮೊದಲನೆಯ ಪಕ್ಷವೂ ಗೆಲ್ಲಲಾರದು. ಅದೇ ಶಾಸನದಲ್ಲಿ ಅರಸನು ತನ್ನನ್ನು ಚಂದ್ರಮೌಳಿಯ ಪಾದಕಮಲದ ದುಂಬಿಯೆಂದು ಕರೆದುಕೊಂಡಿದ್ದಾನೆ! ಶಿವಭಕ್ತನೇ ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದ ಮೇಲೆ, ಒಬ್ಬರದನ್ನು ಒಬ್ಬರು ಕಸಿದರೆಂಬ ಮಾತಿಗೆ ಎಡೆಯೆಲ್ಲಿ? ಬೆಟ್ಟದ ಮೇಲೆ ನಾಥಪಂಥದ ಜೋಗಿಗಳ ಮಠವಿದೆ. ಮತ್ಸ್ಯೇಂದ್ರ, ಗೋರಕ್ಷರ ಹೆಸರುಗಳು ಅಲ್ಲಿ ಇಂದಿಗೂ ಜೀವಂತವಾಗಿವೆ. ಆ ಪಂಥದವರು ಶೈವ, ಬೌದ್ಧಗಳ ನಡುವಣ ಗಡಿಯನ್ನು ಅಷ್ಟಾಗಿ ಲೆಕ್ಕಿಸಿದವರಲ್ಲ. ಶಾಸನವನ್ನು ಪೂರ್ತಿಯಾಗಿ ಓದದೆ ತಮಗೆ ಬೇಕಾದ ಒಂದೊಂದು ಪದವನ್ನು ಮಾತ್ರ ಆಯ್ದುಕೊಳ್ಳುವವರು ಈಗಲೂ ಹೆಚ್ಚುತ್ತಿರುವುದು ಶೋಚನೀಯ.

ಮುದ್ರಣದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ೧೮೪೩ರ ಜುಲೈ ೧ರಂದು ಮೋಗ್ಲಿಂಗರ ಸಂಪಾದಕತ್ವದಲ್ಲಿ ಇಲ್ಲಿಯೇ ಹೊರಟಿತು, ಕಿಟ್ಟೆಲ್ಲರ ನಿಘಂಟು ೧೮೯೪ರಲ್ಲಿ ಇಲ್ಲಿಯೇ ಅಚ್ಚಾಯಿತು.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಮಾತ್ರ ತುಸು ಹೊತ್ತು ನಿಲ್ಲಬೇಕು. ಇಟಲಿಯ ಬೆರ್ಗಮೊ ಪ್ರಾಂತದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸುಯಿಟ್ ಸಹೋದರನು ೧೯೦೦ರ ಆಸುಪಾಸಿನಲ್ಲಿ ಅದರ ಗೋಡೆಗಳನ್ನೂ ಮಾಳಿಗೆಯನ್ನೂ ಚಿತ್ರಗಳಿಂದ ತುಂಬಿದನು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಸುಣ್ಣವು ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಬಂಧಿಸುವುದು. ಆದುದರಿಂದ ಗಾರೆ ಆರುವುದರೊಳಗೆ ಆ ದಿನದ ಭಾಗವು ಮುಗಿಯಬೇಕು, ತಿದ್ದುವುದಕ್ಕೆ ಅವಕಾಶವು ಬಲು ಕಡಿಮೆ. ಮಾಳಿಗೆಯ ಚಿತ್ರಗಳಾದರೋ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಅಂಟಿಸಿದವು. ಮೊಸ್ಕೇನಿಯು ತಾಯ್ನಾಡನ್ನು ಮತ್ತೆ ಕಾಣಲಿಲ್ಲ. ೧೯೦೫ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಆಷಾಢದ ಮಳೆಗೂ ಉಪ್ಪುಗಾಳಿಗೂ ಸಿಕ್ಕಿ ಕೆಡತೊಡಗಿದ್ದ ಆ ಚಿತ್ರಗಳನ್ನು ೧೯೯೧ರಿಂದ ೧೯೯೪ರವರೆಗೆ ತಜ್ಞರು ಶುದ್ಧಿಗೊಳಿಸಿ, ಬಣ್ಣ ಸಡಿಲವಾದೆಡೆಯಲ್ಲಿ ಭದ್ರಪಡಿಸಿದರು.