ಕೊರಳಿನ ಗಂಟು

ಮಗುವಿನ ಕೊರಳಿನಲ್ಲಿ ಗಂಟೊಂದು ಕಂಡಿತೆಂದರೆ, ನಮ್ಮ ಮನೆಗಳಲ್ಲಿ ಹಿರಿಯರು ತಾಯಿಯ ಬಸುರಿನ ದಿನಗಳ ಲೆಕ್ಕ ತೆಗೆಯುವುದುಂಟು. ಗ್ರಹಣದ ದಿನ ಹೊರಗೆ ಬಂದಿದ್ದಳೇ, ತಿನ್ನಬಾರದುದನ್ನು ತಿಂದಿದ್ದಳೇ ಎಂದು ವಿಚಾರಣೆ ನಡೆಯುವುದು. ನನ್ನ ತಂಗಿಯೂ ಈ ವಿಚಾರಣೆಗೆ ಗುರಿಯಾದಳು. ಅವಳ ಆರು ವರ್ಷದ ಮಗನ ಕೊರಳಿನ ನಡುವೆ ನೆಲ್ಲಿಕಾಯಿಯಷ್ಟು ಗಂಟು ಎದ್ದಿತ್ತು. ಒಂದು ಕಡೆ ಅದನ್ನು ಕೊಯ್ದು ತೆಗೆಸಿದ್ದೂ ಆಯಿತು. ವರ್ಷ ತುಂಬುವುದರೊಳಗೆ ಅದೇ ಸ್ಥಳದಲ್ಲಿ ಮತ್ತೆ ತಲೆಯೆತ್ತಿತು.

ಶಿವಾಜಿನಗರದಲ್ಲಿ, ರಸಲ್ ಮಾರ್ಕೆಟ್ಟಿನ ಸಮೀಪದಲ್ಲಿದ್ದ ಒಬ್ಬ ವೃದ್ಧ ವೈದ್ಯರಲ್ಲಿಗೆ ಹೋದೆವು. “ಎಲ್ಲಿ ಮರಿ, ನಾಲಗೆ ಚಾಚು” ಎಂದರು. ಹುಡುಗನು ಚಾಚಿದೊಡನೆ ಗಂಟು ಮೇಲಕ್ಕೆ ಸರಿಯಿತು! ತಂಗಿ ಬೆಚ್ಚಿದಳು. “ಹೆದರಬೇಡಮ್ಮ, ಇದು ನಿನ್ನ ತಪ್ಪಲ್ಲ” ಎಂದು ಅವರು ವಿವರಿಸಿದರು.

ಕೊರಳಿನ ಥೈರಾಯಿಡ್ ಗ್ರಂಥಿಯು ಹುಟ್ಟುವುದು ಕೊರಳಿನಲ್ಲಲ್ಲ, ನಾಲಗೆಯ ಬುಡದಲ್ಲಿ. ಪಿಂಡದ 4ನೆಯ ವಾರದಲ್ಲಿ, ಎಂದರೆ ಎಷ್ಟೋ ತಾಯಂದಿರಿಗೆ ಬಸುರಿನ ಸುಳಿವೂ ಹತ್ತದಿರುವಾಗ, ಅದು ಮೊಳೆತು ಕೆಳಗಿಳಿಯತೊಡಗಿ 7ನೆಯ ವಾರದ ಹೊತ್ತಿಗೆ ತನ್ನ ಸ್ಥಾನವನ್ನು ಸೇರುತ್ತದೆ. ಇಳಿದ ದಾರಿಯಲ್ಲಿ ನೂಲಿನಂತಹ ನಾಳವೊಂದು ಉಳಿದು, ಬಳಿಕ ಕರಗಿಹೋಗಬೇಕು. ಕರಗದೆ ನಿಂತ ತುಣುಕಿನಲ್ಲಿ ರಸ ತುಂಬಿದರೆ ಇಂತಹ ಗಂಟಾಗುವುದು.

ಈ ದಾರಿಯು ಹಯಾಯಿಡ್ ಎಂಬ ಲಾಳದಾಕಾರದ ಮೂಳೆಯನ್ನು ಅಂಟಿಕೊಂಡೇ ಹಾಯುತ್ತದೆ. ಆದುದರಿಂದ ಗಂಟನ್ನು ಮಾತ್ರ ತೆಗೆದರೆ ಅದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮರಳುವುದು. ಮೂಳೆಯ ನಡುಭಾಗವನ್ನೂ, ನಾಲಗೆಯ ಬುಡದವರೆಗಿನ ನಾಳವನ್ನೂ ಜೊತೆಗೇ ತೆಗೆಯಬೇಕೆಂದು ಅಮೆರಿಕದ ಸಿಸ್ಟ್ರಂಕ್ ಎಂಬ ಶಸ್ತ್ರವೈದ್ಯರು 1920ರಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲು ಅಲ್ಟ್ರಾಸೌಂಡ್ ಪರೀಕ್ಷೆ ಅವಶ್ಯ. ಅಪರೂಪವಾಗಿ ಆ ಗಂಟೇ ಮಗುವಿನ ಏಕಮಾತ್ರ ಥೈರಾಯಿಡ್ ಆಗಿರುವುದುಂಟು. ನಮ್ಮ ಹುಡುಗನಿಗೆ ಗ್ರಂಥಿಯು ಸ್ಥಾನದಲ್ಲಿಯೇ ಇದ್ದಿತು. ಸಿಸ್ಟ್ರಂಕರ ಕ್ರಮದಂತೆ ಶಸ್ತ್ರಕ್ರಿಯೆ ನಡೆದು ನಾಲ್ಕು ವರ್ಷಗಳಾದುವು, ಗಂಟು ಮರಳಲಿಲ್ಲ.

ವಿಚಿತ್ರವೆಂದರೆ, ಒಂದನ್ನೊಂದು ಅಪ್ಪಿಕೊಂಡಿರುವ ಗ್ರಂಥಿಗೂ ಮೂಳೆಗೂ ಕುಲ ಒಂದೇ ಅಲ್ಲ. ಗ್ರಂಥಿಯು ಪಿಂಡದ ಒಳಪದರದಿಂದ ಬಂದುದು. ಮೂಳೆಯು ಮಿದುಳಾಗಲಿರುವ ಹೊರಪದರದ ಮಡಿಕೆಯ ಅಂಚಿನಿಂದ ಹೊರಟ ಕಣಗಳಿಂದಾದುದು. ತಲೆಯ ಮೃದ್ವಸ್ಥಿಗಳು ಹೊರಪದರದಿಂದ ಹುಟ್ಟುತ್ತವೆಂದು 1893ರಲ್ಲಿಯೇ ಬರೆದವಳು ಜೂಲಿಯಾ ಪ್ಲಾಟ್ ಎಂಬ ಅಮೆರಿಕದ ಹೆಂಗಸು. ಪಂಡಿತರು ಬಹುಕಾಲ ಒಪ್ಪಲಿಲ್ಲ. ಆಕೆಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೂ ದೊರೆಯಲಿಲ್ಲ. ಆಕೆ ಕ್ಯಾಲಿಫೋರ್ನಿಯದ ಪೆಸಿಫಿಕ್ ಗ್ರೋವ್ ಎಂಬ ಊರಿನಲ್ಲಿ ನೆಲಸಿ, 1931ರಲ್ಲಿ ಅಲ್ಲಿಯ ಮೇಯರ್ ಆದಳು.